ಕರಿಯಯ್ಯ ಬಿಟ್ಟುಕೊಟ್ಟ ಆಟಗಾರ

ಪಾಂಡವಪುರದ ಬಸ್ ಸ್ಟ್ಯಾಂಡಿನ ಎದುರು ಕರಿಯಯ್ಯನ ಸೈಕಲ್ ಶಾಪು. ಅಲ್ಲಿ ಪಂಕ್ಚರ್ ಹಾಕಿಸಿಕೊಳ್ಳದವರು ಊರಲ್ಲಿ ಕಡಿಮೆ. ಆದರೆ ನಮ್ಮ ಭೀಮ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಚೆಂಡಿಗೆ ಗಾಳಿ ತುಂಬುವ ಅಧಿಕಾರ ಊರಿಗೆಲ್ಲ ಅವನೊಬ್ಬನದೇ ಆಗಿತ್ತು. ಪಂದ್ಯದ ದಿನ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು, ಪಂಪು ಹೊಡೆದು, ಹೆಬ್ಬೆರಳಿನಲ್ಲಿ ಒತ್ತಿ, ಕಿವಿಯ ಹತ್ತಿರ ಹಿಡಿದು, ಕೊನೆಗೆ ಒಂದೇ ಒಂದು ಸಲ ನೆಲಕ್ಕೆ ಕುಟ್ಟಿ "ಈಗ ಆಡ್ಕಳ್ಳಿ" ಎಂದರೆ ಮಾತ್ರ ಆಟ. ಅಲ್ಲಿಯವರೆಗೆ ರೆಫ್ರಿ ಕೂಡ ಪೀಪಿಯನ್ನು ಬಾಯಲ್ಲಿಟ್ಟುಕೊಂಡು ಕಾಯಬೇಕು.

ಅವನು ಒಂದು ದಿನವೂ ಆಡಿದವನಲ್ಲ. ಐದಡಿ ಎರಡಂಗುಲದ ಆಳು. ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಗಿರಿಯ ಆಚೆ. ಸೈಕಲ್ ಶಾಪಿನ ಯಜಮಾನರಿಗೆ ಗಂಡುಮಕ್ಕಳಿಲ್ಲವೆಂದು ಅವರ ಮಗಳು ಮಂಚಮ್ಮನನ್ನು ಮದುವೆಯಾಗಿ ಇಪ್ಪತ್ತೆರಡು ವರ್ಷದ ಹಿಂದೆ ಮನೆ ಅಳಿಯನಾಗಿ ಬಂದವನು. ಬಂದ ವರ್ಷದೊಳಗೆ ಊರಿನವರಿಗಿಂತ ಹೆಚ್ಚು ಊರಿನವನಾಗಿಬಿಟ್ಟ. ಕೆ.ಆರ್. ಪೇಟೆಯ ಹೇಮಾವತಿ ಕ್ಲಬ್ಬು ನಮ್ಮಲ್ಲಿಗೆ ಆಡಲು ಬಂದರೆ ಅವನಷ್ಟು ಜೋರಾಗಿ ಅವರನ್ನು ಬೈಯುವವರು ಇನ್ನೊಬ್ಬರಿಲ್ಲ. ಹುಟ್ಟಿದೂರನ್ನು ಯಾರಾದರೂ ನೆನಪಿಸಿದರೆ ಸ್ಪ್ಯಾನರು ಹುಡುಕುವವನಂತೆ ತಲೆ ಬಗ್ಗಿಸುತ್ತಿದ್ದ.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಅನಂತರಾಮು. ಲೆಕ್ಕದ ಮೇಷ್ಟ್ರೆಂಬ ಒಂದೇ ಕಾರಣಕ್ಕೆ ಸ್ಕೋರ್ ಪುಸ್ತಕ ನನ್ನ ಪಾಲಿಗೆ ಬಂದಿತ್ತು. ಸಂಜೆ ಸ್ಕೂಲು ಬಿಟ್ಟ ಮೇಲೆ ಕರಿಯಯ್ಯನ ಶಾಪಿನ ಬೆಂಚಿನ ಮೇಲೆ ಕೂತು, ಆಡದವರೆಲ್ಲ ಸೇರಿ ಆಡುವವರ ತಪ್ಪು ಹುಡುಕುವುದು ನಮ್ಮ ವ್ಯಾಯಾಮ.

ಇದು ತೊಂಬತ್ತಾರನೇ ಇಸವಿಯ ಯುಗಾದಿ ಕಳೆದ ಮೇಲಿನ ಮಾತು. ಯುಗಾದಿಗೆ ನಮ್ಮ ಪಂದ್ಯಗಳು ಮುಗಿದರೆ ಮತ್ತೆ ದಸರಾಕ್ಕೇ ಶುರು. ನಡುವೆ ಆರು ತಿಂಗಳು ಆಟವಿಲ್ಲ. ಆಟವಿದ್ದಾಗ ನಾವು ಇಷ್ಟು ಮಾತಾಡುತ್ತಿರಲಿಲ್ಲ.

ಹಾಲಿನ ವ್ಯಾನು ಓಡಿಸುವ ಕುಮಾರ್ ಒಂದು ಸಂಜೆ ಕೆ.ಆರ್. ಪೇಟೆಯಿಂದ ಬಂದವನು ವ್ಯಾನಿನಿಂದ ಇಳಿಯುವ ಮೊದಲೇ ಕೂಗಿದ.

"ಕರಿಯಣ್ಣ, ನಿಂಗರಾಜು ಕತೆ ಮುಗೀತು! ಪ್ಯಾಟೆ ಟೀಮ್ಗೆ ಓಯ್ತಾನಂತೆ!"

ಕರಿಯಯ್ಯನ ಕೈಯಲ್ಲಿದ್ದ ಟ್ಯೂಬು ನೀರಿನ ಬೋಗುಣಿಗೆ ಬಿತ್ತು. "ಯಾವನ್ಲಾ ಯೋಳ್ದೋನು?"

"ಪ್ಯಾಟೆ ಡೈರಿತಾವ ಮಾತಾಡ್ಕತಿದ್ರು. ಬರೋ ದಸರಾಕೆ ನಿಮ್ಮ ಉದ್ದನೆ ಆಳು ನಮ್ ಕಡೆ ಆಡ್ತಾನೆ, ನೋಡ್ಕೊಳಿ ಅಂತ ಮೊಕಕ್ಕೆ ಒಡ್ದಂಗೆ ಅಂದ್ರು ಕಣಣ್ಣ."

ನಿಂಗರಾಜು ಕ್ಯಾತನಹಳ್ಳಿಯವನು. ಆರಡಿ ಮೂರಂಗುಲ. ಬೆಳಿಗ್ಗೆ ಕಬ್ಬಿನ ಗದ್ದೆ, ಸಂಜೆ ನಮ್ಮ ಕೋರ್ಟು. ಬುಟ್ಟಿಯ ಕೆಳಗೆ ಅವನು ನಿಂತರೆ ಎದುರಿನವರು ಮರದ ಕೆಳಗೆ ನಿಂತ ಹಾಗೆ ಕಾಣುತ್ತಿದ್ದರು. ಅವನಿಲ್ಲದ ಭೀಮ ಕ್ಲಬ್ಬೆಂದರೆ ಉಳಿಯುವುದು ನಾನು ಬರೆಯುವ ಪುಸ್ತಕ ಮತ್ತು ಕರಿಯಯ್ಯನ ಪಂಪು, ಅಷ್ಟೆ. ಮಾತು ಕಡಿಮೆಯ ಹುಡುಗ. ಇಪ್ಪತ್ತೆಂಟಾದರೂ ಮದುವೆಯಾಗಿರಲಿಲ್ಲ, ಅವನ ಎತ್ತರವೇ ಅವನಿಗೆ ಅಡ್ಡ. ಒಂದು ಸಂಬಂಧದಲ್ಲಿ ಹುಡುಗಿ, ಜೀವಮಾನವಿಡೀ ಕತ್ತೆತ್ತಿ ಮಾತಾಡಲು ತನ್ನಿಂದ ಆಗದು ಎಂದಳಂತೆ. ಇನ್ನೊಂದರಲ್ಲಿ ಹುಡುಗಿಯ ಅಜ್ಜಿ, ಈ ಬಾಗಿಲಿಗೆ ಇವನು ಅಳಿಯನಾದರೆ ಮನೆ ಕೆಡವಬೇಕಾಗುತ್ತದೆ ಎಂದಳಂತೆ. ಎರಡೂ ಸಂಗತಿಗಳು ನಮ್ಮ ಬೆಂಚಿಗೆ ಬಂದು, ಬೆಂಚಿನಿಂದ ಊರಿಗೆ ಹೋಗಿದ್ದವು. ಅವನ ತಾಯಿ ದೊಡ್ಡತಾಯಮ್ಮ ಅಂದಿನಿಂದ ಮದುವೆಯ ಮಾತನ್ನು ಯಾರೆದುರೂ ಎತ್ತಕೂಡದೆಂದು ಮಗನಿಗೆ ಕಟ್ಟಪ್ಪಣೆ ಮಾಡಿದ್ದಳು.

ಆ ರಾತ್ರಿಯಿಂದಲೇ ನಮಗೆ ಸಾಕ್ಷಿಗಳು ಸಿಗತೊಡಗಿದವು. ನಿಂಗರಾಜು ಎರಡು ಭಾನುವಾರ ಅಭ್ಯಾಸಕ್ಕೆ ಬಂದಿರಲಿಲ್ಲ. ಹೊಸ ಸೂಟ್‌ಕೇಸು ಕೊಂಡಿದ್ದ. ಕೆ.ಆರ್. ಪೇಟೆ ಬಸ್ಸಿನಿಂದ ತಲೆ ಬಗ್ಗಿಸಿ ಇಳಿದದ್ದನ್ನು ಕುಮಾರ್ ಕಂಡಿದ್ದ. ಅವನು ಯಾವ ಬಸ್ಸಿನಿಂದಾದರೂ ತಲೆ ಬಗ್ಗಿಸಿಯೇ ಇಳಿಯಬೇಕು ಎಂದು ನಮಗೆ ಹೊಳೆಯಲಿಲ್ಲ.

"ಅಮೆರಿಕದಲ್ಲಿ ಇದು ಮಾಮೂಲಿ ಕಣಣ್ಣ," ಎಂದ ಕುಮಾರ್. ಅವನ ಮನೆಗೆ ಹೊಸದಾಗಿ ಕೇಬಲ್ ಬಂದಿತ್ತು. "ಟೀಮು ಟೀಮು ಆಟಗಾರ್ರನ್ನ ಅದ್ಲು ಬದ್ಲು ಮಾಡ್ಕತವೆ. ಒಬ್ಬುನ್ನ ಕೊಟ್ಟು ಇಬ್ರುನ್ನ ತಕ್ಕತಾರೆ."

"ಬಾಯಿ ಬುಡ್ಸಿ ಹಲ್ಲೂ ನೋಡ್ತಾರೇನ್ಲಾ, ಹೇಮಗಿರಿ ಜಾತ್ರೆ ಎತ್ತಿನ ಥರ?" ಎಂದ ಕರಿಯಯ್ಯ.

"ನಾವೂ ಕೇಳಾಣ. ನಿಂಗನ್ನ ಕೊಡ್ತೀವಿ, ನಿಮ್ಮ ಎಡಗೈಲಾಡೋ ಇಬ್ರುನ್ನೂ ಕಳ್ಸಿ ಅಂತ."

"ಇಬ್ಬರು ಸಾಲದು, ಮೂವರನ್ನು ಕೇಳಬೇಕು," ಎಂದು ನಾನೂ ನನ್ನ ಲೆಕ್ಕ ಸೇರಿಸಿದೆ. "ಬೇಕಾದರೆ ಜೊತೆಗೆ ನಾನೂ ಹೋಗುತ್ತೇನೆ."

"ಮೇಷ್ಟ್ರೇ, ನಿಮ್ಮುನ್ನ ಕೊಡ್ತೀವಿ ಅಂದ್ರೆ ಪ್ಯಾಟೆಯೋರು ರೆಫ್ರಿ ಪೀಪಿನೂ ಕೊಡಾಕಿಲ್ಲ, ಸುಮ್ಕಿರಿ," ಎಂದು ಕರಿಯಯ್ಯ ನನ್ನ ಬಾಯಿ ಮುಚ್ಚಿಸಿದ. ಅವನು ನಗಲಿಲ್ಲ. "ಯಾರ್ನೂ ಕೊಡಾದು ಬ್ಯಾಡ, ತಕ್ಕಳಾದೂ ಬ್ಯಾಡ. ಅವ್ನು ನಮ್ಮೋನು."

ನಿಂಗರಾಜುವನ್ನೇ ಕೇಳಬಹುದಿತ್ತಲ್ಲ ಎಂದು ನನ್ನ ಹೆಂಡತಿ ಇಂದಿರ ಊಟಕ್ಕೆ ಬಡಿಸುತ್ತಾ ಅಂದಳು. ಕೇಳಿದರೆ ಇಲ್ಲದ ಆಸೆಯನ್ನು ನಾವೇ ಹುಟ್ಟಿಸಿದ ಹಾಗಾಗುತ್ತದೆ ಎಂದು ನಾನು ವಿವರಿಸಿದೆ. "ಅಷ್ಟೊಂದು ಜನ ಗಂಡಸರು, ಒಬ್ಬರಿಗೂ ಬಾಯಿಲ್ಲ," ಎಂದು ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಇನ್ನೂ ಸಾರು ಬೇಕಿತ್ತು.

ಸೋಮವಾರ ಬೆಳಿಗ್ಗೆ ಹತ್ತರ ಕೆ.ಆರ್. ಪೇಟೆ ಬಸ್ಸಿನಿಂದ ಇಬ್ಬರು ಇಳಿದರು. ಒಬ್ಬರು ಬಿಳಿ ಪಂಚೆ, ಹೆಗಲಿಗೆ ಟವೆಲ್ಲಿನ ಹಿರಿಯರು. ಇನ್ನೊಬ್ಬ ಬುಷ್ ಶರಟಿನ ಸಣಕಲ. ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವವರು ನೇರವಾಗಿ ಗಂಡಿನ ಮನೆಗೆ ಹೋಗುವುದಿಲ್ಲ. ತಾವು ಯಾರೆಂದು ಹೇಳಿಕೊಳ್ಳದೆ ಮೊದಲು ಬಸ್ ಸ್ಟ್ಯಾಂಡಿನ ಟೀ ಅಂಗಡಿ, ಚೌರದಂಗಡಿ, ಸೈಕಲ್ ಶಾಪುಗಳಲ್ಲಿ ಹುಡುಗ ಎಂಥವನೆಂದು ವಿಚಾರಿಸುತ್ತಾರೆ. ಮಾತು ಸರಿಬಂದರೆ ಮುಂದೆ, ಇಲ್ಲದಿದ್ದರೆ ಅದೇ ಬಸ್ಸಿಗೆ ಹಿಂದೆ. ಈ ಇಬ್ಬರೂ ಹಾಗೆ ಬಂದ ಹುಡುಗಿಯ ಕಡೆಯವರು. ಇದು ನಿಮಗೆ ಈಗಲೇ ಗೊತ್ತಾಯಿತು. ನಮಗೆ ಗೊತ್ತಾಗಲು ಎರಡು ದಿನ ಬೇಕಾಯಿತು.

ಬೇಸಿಗೆ ರಜೆಯಾದ್ದರಿಂದ ನಾನೂ ಬೆಂಚಿನ ಮೇಲಿದ್ದೆ. ಹಿರಿಯರು ನೀರು ಕೇಳಿ ಕುಡಿದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಕ್ಯಾತನಹಳ್ಳಿ ನಿಂಗರಾಜು ಅಂತ ಅವ್ನಲ್ಲ, ಚೆಂಡಾಡೋನು, ಗೊತ್ತೇ ನಿಮ್ಗೆ?"

"ಯಾವೂರಾಯ್ತು ತಮ್ದು?" ಎಂದ ಕರಿಯಯ್ಯ.

"ಪ್ಯಾಟೆ ಕಡೆ."

ಕರಿಯಯ್ಯ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಕೈ ಕಾಲು ಎಲ್ಲಾ ನೆಟ್ಗವ್ನಾ? ಎಂಗೆ ಆಳು? ನಮ್ಮೂರ್ಗೇ ಬಂದು ಇರು ಅಂದ್ರೆ ಬಂದಾನಾ?" ಎಂದ ಸಣಕಲ.

ಇನ್ನೇನು ಬೇಕು? ಕರಿಯಯ್ಯ ಚಕ್ರವನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರನ್ನು ನಾನು ಈಗಲೂ ಮೆಚ್ಚುತ್ತೇನೆ.

"ಏನ್ ಯೋಳಾನ ಸ್ವಾಮಿ. ನಮ್ಮೂರ ಹೈದನೇ. ಬಲಗಾಲು ಮಂಡಿ ಓಗ್ಬುಟ್ಟದೆ. ಮೇಲ್ಗೆ ಕಾಣಾಕಿಲ್ಲ. ಒಂದೀಟು ಓಡುದ್ರೆ ಎದೆ ಹಿಡ್ಕಂಡು ಕೂತ್ಕತಾನೆ."

"ಅಂಗಾ?" ಹಿರಿಯರ ಮುಖ ಸಣ್ಣಗಾಯಿತು. "ಅಭ್ಯಾಸಗಳು?"

"ಸಂಜೆ ಏಳಾದ್ರೆ ಕೈ ನಡುಕ," ಎಂದ ಕರಿಯಯ್ಯ. ಒಂದು ಲೋಟ ಮಜ್ಜಿಗೆಗಿಂತ ಹೆಚ್ಚಿನದನ್ನು ನಿಂಗರಾಜು ಕುಡಿದದ್ದನ್ನು ನಾವ್ಯಾರೂ ಕಂಡಿರಲಿಲ್ಲ.

ಹಿರಿಯರು ನನ್ನ ಕಡೆ ತಿರುಗಿದರು. "ಇವ್ರು?"

"ಮೇಷ್ಟ್ರು. ಸುಳ್ಳಾಡೋರಲ್ಲ."

ಇಪ್ಪತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಹೇಳಿಕೊಟ್ಟವನು ನಾನು. "ಕೆಮ್ಮೂ ಇದೆ," ಎಂದೆ. ಯಾರೂ ಕೇಳಿರಲಿಲ್ಲ.

ಹಿರಿಯರು ಟವೆಲ್ಲು ಕೊಡವಿ ಎದ್ದರು. "ಕೇಳಿದ್ದು ಒಳ್ಳೇದಾಯ್ತು," ಎಂದು ಕೈಮುಗಿದು, ಕ್ಯಾತನಹಳ್ಳಿಯ ಕಡೆ ತಿರುಗಿಯೂ ನೋಡದೆ ವಾಪಸು ಬಸ್ಸು ಹತ್ತಿದರು. ಬಸ್ಸು ಮರೆಯಾಗುವವರೆಗೆ ಉಸಿರು ಹಿಡಿದಿದ್ದ ಕರಿಯಯ್ಯ ಆಮೇಲೆ ಎಲ್ಲರಿಗೂ ಬೋಂಡ ಕಾಫಿ ತರಿಸಿದ. ನಾನು ಎರಡು ಬೋಂಡ ತಿಂದೆ.

ಬುಧವಾರ ಸಂಜೆ ದೊಡ್ಡತಾಯಮ್ಮ ಬಂದಳು. ಕ್ಯಾತನಹಳ್ಳಿಯಿಂದ ನಡೆದೇ ಬಂದಿರಬೇಕು, ಕಾಲೆಲ್ಲ ಧೂಳು. ಬೆಂಚಿನ ಮೇಲೆ ಜಾಗ ಬಿಟ್ಟರೂ ಕೂರಲಿಲ್ಲ.

"ಕರಿಯಯ್ಯ, ನೀನು ಬಸ್ ಸ್ಟ್ಯಾಂಡ್ ಎದುರ್ಗೆ ಕೂರೋನು. ಮೊನ್ನೆ ಸ್ವಾಮಾರ ಇಲ್ಲಿ ಯಾವನು ನನ್ ಮಗನ ಮೇಲೆ ಇಲ್ಲದ್ದು ಯೋಳ್ದೋನು, ಪತ್ತೆ ಮಾಡ್ಕೊಡಪ್ಪ."

"ಏ... ಏನಾಯ್ತು ದೊಡ್ಡವ್ವ?"

"ಹೇಮಗಿರಿ ತಾವ್ಲಿಂದ ಒಂದು ಸಂಬಂಧ ಬಂದಿತ್ತು. ಕಂಡಕ್ಟರ್ ಚಿಕ್ಕಸ್ವಾಮಿ ತಂದಿದ್ದ. ನಂಜಪ್ಪೋರ ಮಗಳು ಹೇಮಶ್ರೀ. ಐದಡಿ ಒಂಬತ್ತಂಗ್ಲ ಅವ್ಳಂತೆ ಮಗ, ಅವ್ಳಿಗೂ ಗಂಡು ಸಿಕ್ಕಿಲ್ಲ. ಪ್ಯಾಟೇಲಿ ನಮ್ ನಿಂಗ ಆಡೋದ ನೋಡಿ, ಆದ್ರೆ ಇವ್ನೇ ಆಗ್ಲಿ ಅಂದವ್ಳೆ. ಗಂಡುಮಕ್ಳಿಲ್ಲ, ಮನೆ ಅಳಿಯನಾಗಿ ಬರ್ಲಿ ಅಂದ್ರು. ಚಿಕ್ಕ ಮಗ ಅವ್ನಲ್ಲ ನನ್ನ ನೋಡ್ಕಳಾಕೆ, ಓಗ್ಲಿ ಅಂದೆ. ಸ್ವಾಮಾರ ಒಬ್ಬಟ್ಟು ಮಾಡ್ಕೊಂಡು ಕಾಯ್ತಾ ಕೂತಿದ್ದೆ. ಬರ್ನೇ ಇಲ್ಲ. ನಿಮ್ಮುಡ್ಗನ ಮಂಡಿ ಓಗದೆ, ಕುಡೀತಾನೆ, ಕೆಮ್ತಾನೆ ಅಂತ ಯೋಳ್ಕಳ್ಸವ್ರೆ."

ಕೆಮ್ಮಿನ ಮಾತು ಬಂದಾಗ ನಾನು ಚಪ್ಪಲಿ ನೋಡಿಕೊಂಡೆ.

"ನಾಗಮಂಗಲದ್ದು ಇನ್ನೊಂದು ಗಂಡು ಅದಂತೆ. ನಾಳೆ ಬೆಸ್ತವಾರ, ಒಂದೂವರೆಗೆ ರಾಹುಕಾಲ ಹುಟ್ಟೋದ್ರೊಳಗೆ ಅವ್ರಿಗೆ ಫೋನ್ ಮಾಡಿ ಒಪ್ಪಿಗೆ ಕೊಡ್ತಾರಂತೆ. ನಿಂಗ ಎರಡು ದಿನದಿಂದ ಉಂಡಿಲ್ಲ. ಗದ್ದೇಲಿ ಸುಮ್ಕೆ ನಿಂತವ್ನೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವನ್ಯಾರೋ ಸಿಕ್ಕುದ್ರೆ ನಂಗೆ ಯೋಳು. ನಾನೇನೂ ಮಾಡಾಕಿಲ್ಲ. ಯಾಕಪ್ಪ ಅಂತ ಕೇಳ್ತೀನಿ, ಅಷ್ಟೆ."

ಅವಳು ಹೋದ ಮೇಲೆ ಕುಮಾರ್ ರಸ್ತೆಯತ್ತ ಇಣುಕಿ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಆಗಿದ್ದು ಆಗೋಯ್ತು ಕರಿಯಣ್ಣ. ಸುಮ್ಕಿದ್ರೆ ಯಾರ್ಗೂ ಗೊತ್ತಾಗಾಕಿಲ್ಲ. ಡೈರೀಲಿ ಕೇಳಿದ್ದೂ ಇದೇಯ. ಮನೆ ಅಳಿಯ ಆದ್ರೆ ಪ್ಯಾಟೆಗೇ ಆಡ್ಬೇಕಲ್ಲ. ಈಗ ಅವ್ನು ಇಲ್ಲೇ ಉಳ್ಕತಾನೆ. ಅವ್ನಿಗೆ ಇನ್ನೊಂದು ಹೆಣ್ಣು ಸಿಕ್ಕೇ ಸಿಗ್ತದೆ."

"ಐದಡಿ ಒಂಬತ್ತಂಗುಲದ್ದು?" ಎಂದೆ.

ಒಳಗಿನಿಂದ ಮಂಚಮ್ಮ ಬಾಗಿಲಿಗೆ ಬಂದು ನಿಂತಿದ್ದು ನಮಗೆ ಗೊತ್ತಿರಲಿಲ್ಲ. ಶಾಪಿನ ಹಿಂದೆಯೇ ಅವರ ಮನೆ. ನಡುವೆ ಒಂದು ಗೋಣಿಚೀಲದ ಪರದೆ. "ನಮ್ಮಪ್ಪ ನಿನ್ನ ವಿಚಾರ್ಸಾಕೆ ನಿಮ್ಮೂರ್ಗೆ ಓದಾಗ," ಎಂದಳು ಗಂಡನಿಗೆ, "ಅಲ್ಲಿ ನಿನ್ನಂಥೋನು ಒಬ್ಬ ಅಂಗಡಿ ಬಾಗ್ಲಲ್ಲಿ ಕೂತಿದ್ದಿದ್ರೆ?" ಅಷ್ಟು ಹೇಳಿ ಪರದೆ ಇಳಿಬಿಟ್ಟಳು.

ಕರಿಯಯ್ಯ ಸ್ಪ್ಯಾನರು ಹುಡುಕಲಿಲ್ಲ. ಪಂಪಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ. ಆಮೇಲೆ ಎದ್ದು, "ಮೇಷ್ಟ್ರೇ, ನಾಳೆ ಒಂಬತ್ತರ ಬಸ್ಸಿಗೆ ಬನ್ನಿ. ನಿಮ್ಮ ಪುಸ್ತಕನೂ ಇರ್ಲಿ," ಎಂದ.

ಮರುದಿನ ಶಾಪಿನ ಬಾಗಿಲು ಮುಚ್ಚಿತ್ತು. ಅಮಾವಾಸ್ಯೆಯಲ್ಲದ ದಿನ ಅದು ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒಂಬತ್ತರ ಬಸ್ಸು ಒಂಬತ್ತೂ ಮುಕ್ಕಾಲಿಗೆ ಬಂತು. ಚಿನಕುರಳಿ ದಾಟಿದ ಮೇಲೆ ಮುಂದೆ ಕಬ್ಬಿನ ಗಾಡಿಗಳ ಸಾಲು ಸಿಕ್ಕಿತು. ಎತ್ತುಗಳು ನಮ್ಮ ತೊಂದರೆ ತಿಳಿದೇ ನಿಧಾನವಾಗಿ ನಡೆದಂತಿತ್ತು. ಬೂಕನಕೆರೆಯಲ್ಲಿ ಡ್ರೈವರು ಇಳಿದು ಎಳನೀರು ಕುಡಿದ. ಕರಿಯಯ್ಯ ಎರಡು ನಿಮಿಷಕ್ಕೊಮ್ಮೆ ನನ್ನ ಮಣಿಕಟ್ಟು ತಿರುಗಿಸಿ ಗಡಿಯಾರ ನೋಡುತ್ತಿದ್ದ. ಕೊನೆಕೊನೆಗೆ ನನ್ನ ಕೈಯನ್ನು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡುಬಿಟ್ಟ.

ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿ, ಹೇಮಗಿರಿ ರಸ್ತೆಯಲ್ಲಿ ಇಳಿದು, ಗದ್ದೆ ಬದುವಿನ ಮೇಲೆ ಓಡುನಡಿಗೆಯಲ್ಲಿ ಹೋದೆವು. ನಂಜಪ್ಪನವರ ಮನೆ ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷ. ಅದೇ ಸಣಕಲ, ಹುಡುಗಿಯ ಸೋದರಮಾವ, ಅಂಗಳದಲ್ಲಿ ಮೊಪೆಡ್ ತುಳಿದು ಸ್ಟಾರ್ಟ್ ಮಾಡುತ್ತಿದ್ದ. ಪೇಟೆಯ ಫೋನ್ ಬೂತಿಗೆ ಹೊರಟಿದ್ದಾನೆಂದು ಕೇಳದೆಯೇ ತಿಳಿಯಿತು. ಕರಿಯಯ್ಯ ಓಡಿ ಹೋಗಿ ಮೊಪೆಡ್ಡಿನ ಹಿಂದಿನ ಕ್ಯಾರಿಯರು ಹಿಡಿದುಕೊಂಡ.

"ಬುಡ್ರೀ! ಯಾರ್ರೀ ನೀವು?"

ಗದ್ದಲಕ್ಕೆ ನಂಜಪ್ಪನವರು, ಸೋಮವಾರದ ಅದೇ ಹಿರಿಯರು, ಜಗುಲಿಗೆ ಬಂದರು. ನಮ್ಮ ಗುರುತು ಹಿಡಿದರು. ಕರಿಯಯ್ಯ ಕ್ಯಾರಿಯರು ಬಿಡದೆ ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡ. ನೀವು ಕ್ಲಬ್ಬಿನವರೆಂದು ತಿಳಿದೆವು, ನಮ್ಮ ಆಟಗಾರನನ್ನು ಒಯ್ಯಲು ಬಂದಿರೆಂದು ತಿಳಿದೆವು, ಮಂಡಿ ಸುಳ್ಳು, ಎದೆ ಸುಳ್ಳು, ಕುಡಿತ ಸುಳ್ಳು.

"ಕೆಮ್ಮು ನನ್ನದು," ಎಂದೆ ನಾನು. "ಅಂದರೆ, ನಾನು ಹೇಳಿದ್ದು."

ನಂಜಪ್ಪನವರು ಅಲುಗಲಿಲ್ಲ. "ಸ್ವಾಮಾರ ಒಂದು ಯೋಳುದ್ರಿ. ಬೆಸ್ತವಾರ ಒಂದು ಯೋಳ್ತಾ ಇದ್ದೀರಿ. ಸುಕ್ರವಾರ ಇನ್ನೇನ್ ಯೋಳೀರೋ? ಯಾವ್ದ ನಂಬ್ಲಿ? ಇವತ್ತು ಆ ಹುಡುಗನ ಕಡೆಯೋರು ನಿಮ್ಮುನ್ನ ಕಳ್ಸಿರ್ಬೋದಲ್ಲ?"

ಸಣಕಲ ಗಡಿಯಾರ ನೋಡಿದ. "ಭಾವ, ಒಂದು ಗಂಟೆ ಆಯ್ತು. ಪ್ಯಾಟೆ ಮುಟ್ಟಾಕೆ ಕಾಲು ಗಂಟೆ ಬೇಕು."

ಕರಿಯಯ್ಯ ನನ್ನ ಕಂಕುಳಿನಿಂದ ಸ್ಕೋರ್ ಪುಸ್ತಕವನ್ನು ಎಳೆದು ಜಗುಲಿಯ ಮೇಲಿಟ್ಟ. "ಇದ ನೋಡಿ. ಮೂರು ವರ್ಷದ್ದದೆ. ಮಂಡಿ ಓದೋನು ನಲವತ್ತು ನಿಮಿಷನೂ ಆಡ್ತಾನಾ? ಒಂದು ಆಟದಲ್ಲೂ ಅವ್ನುನ್ನ ಈಚೆ ಕೂರ್ಸಿಲ್ಲ. ಯಾರ್ಗೂ ಕೈ ಮಾಡಿ ಹೊರಕ್ಕೆ ಓಗಿಲ್ಲ. ಮೇಷ್ಟ್ರೇ, ತೋರ್ಸಿ!"

ನಾನು ಪುಟ ತಿರುವಿದೆ. ನಂಜಪ್ಪನವರು ಕನ್ನಡಕ ಹಾಕಿಕೊಂಡು ನೋಡಿದರು. ನನ್ನ ಅಕ್ಷರ ನೋಡಿ ಇನ್ನೂ ಅನುಮಾನ ಹೆಚ್ಚಿದಂತೆ ಕಂಡಿತು. ಆಗ ಬಾಗಿಲಿನ ಹಿಂದಿನಿಂದ ಒಂದು ಹೆಣ್ಣಿನ ದನಿ ಬಂತು.

"ಶಿವರಾತ್ರಿ ಆಟದ್ದು ತಗೀರಿ ಅಪ್ಪಯ್ಯ. ಪ್ಯಾಟೇಲಿ ಆಡಿದ್ದು."

ಹೇಮಶ್ರೀ ಹೊಸ್ತಿಲು ದಾಟಿ ಬಂದಳು. ದಾಟುವಾಗ ತಲೆ ಸ್ವಲ್ಪ ಬಗ್ಗಿಸಿದಳು. ಅಪ್ಪನ ಹೆಗಲ ಮೇಲಿಂದ ಪುಟ ನೋಡಿ, ಬೆರಳಿಟ್ಟು ಎಣಿಸಿದಳು.

"ಇಲ್ಲಿ ಹತ್ತು ಬುಟ್ಟಿ ಬರ್ದವ್ರೆ. ಅವ್ರು ಹಾಕಿದ್ದು ಹನ್ನೊಂದು. ಕೊನೇದು ಬುಟ್ಬುಟ್ಟವ್ರೆ."

ಲೆಕ್ಕದ ಮೇಷ್ಟ್ರಾಗಿ ಇಪ್ಪತ್ತು ವರ್ಷದಲ್ಲಿ ನನಗೆ ಇಂಥ ಅವಮಾನವೂ ಆಗಿರಲಿಲ್ಲ, ಇಷ್ಟು ಸಂತೋಷವೂ ಆಗಿರಲಿಲ್ಲ. ಆ ಕೊನೆಯ ಬುಟ್ಟಿ ಬೀಳುವಾಗ ನಾನು ಕಡಲೆಕಾಯಿ ಸುಲಿಯುತ್ತಿದ್ದೆ ಎಂಬುದನ್ನು ಒಪ್ಪಿಕೊಂಡೆ.

ನಂಜಪ್ಪನವರು ಮಗಳ ಮುಖ ನೋಡಿದರು. ಆಮೇಲೆ ಕರಿಯಯ್ಯನನ್ನು. "ಅಲ್ಲಯ್ಯ, ಅವ್ನು ನಮ್ಮನೆಗೆ ಬಂದ್ರೆ ನಿಮ್ಮ ಆಟಗಾರ ಓದಂಗೆ ತಾನೆ? ಮತ್ಯಾಕೆ ಓಡ್ಬಂದ್ರಿ?"

ಕರಿಯಯ್ಯ ಮೊಪೆಡ್ಡಿನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದ. ಅವನ ಹೆಬ್ಬೆರಳು ತನ್ನಷ್ಟಕ್ಕೆ ಹಿಂದಿನ ಟಯರನ್ನು ಒತ್ತಿ ಒತ್ತಿ ನೋಡುತ್ತಿತ್ತು.

"ನಾನೂ ಈ ಕಡೆಯೋನೇ ಕಣ್ ಸ್ವಾಮಿ. ಹೊಳೆ ಆಚೆ. ಇಂಗೇ ಮನೆ ಅಳಿಯ ಆಗಿ ಆ ಊರ್ಗೆ ಓದೋನು. ಇಪ್ಪತ್ತೆರಡು ವರ್ಷ ಆಯ್ತು. ನನ್ ಮೇಲೆ ಯಾರೂ ಇಲ್ಲದ್ದು ಯೋಳ್ಲಿಲ್ಲ, ಅದ್ಕೇ ನಂಗೊಂದು ಮನೆ ಆಯ್ತು." ಸ್ವಲ್ಪ ತಡೆದು, "ಈ ಟಯರಲ್ಲಿ ಗಾಳಿ ಕಮ್ಮಿ ಅದೆ. ಪ್ಯಾಟೆಗಂಟ ಓಗಾಕಿಲ್ಲ," ಎಂದ.

ಒಂದೂಕಾಲಾಯಿತು. ನಂಜಪ್ಪನವರು ಜಗುಲಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು. ನನಗೆ ನಿಜವಾಗಿಯೂ ಕೆಮ್ಮು ಬಂತು. ಎಲ್ಲರೂ ನನ್ನ ಕಡೆ ನೋಡಿದರು. ಕೊನೆಗೆ ಅವರು ಭಾವಮೈದನಿಗೆ, "ಗಾಡಿ ನಿಲ್ಸು," ಎಂದರು. ನಮ್ಮ ಕಡೆ ತಿರುಗಿ, "ಭಾನ್ವಾರ ಬತ್ತೀವಿ ಅಂತ ಆಯಮ್ಮಂಗೆ ಯೋಳಿ. ಈ ಸಲ ದಾರೀಲಿ ಯಾರ್ನೂ ವಿಚಾರ್ಸಾಕಿಲ್ಲ," ಎಂದು ಒಳಗೆ ಹೋದರು. ಹೇಮಶ್ರೀ ನಮಗೆ ಮಜ್ಜಿಗೆ ತಂದುಕೊಟ್ಟಳು. ಕರಿಯಯ್ಯನ ಲೋಟ ನಡುಗುತ್ತಿತ್ತು. ಅಂದು ಅವನು ಹೇಳಿದ ಕೈನಡುಕ ನಮ್ಮಲ್ಲಿ ಯಾರಿಗಿದೆಯೆಂದು ನನಗೆ ಆಗ ತಿಳಿಯಿತು.

ಸಂಜೆ ಕರಿಯಯ್ಯ ನನ್ನನ್ನೂ ಕರೆದುಕೊಂಡು ನೇರವಾಗಿ ಕ್ಯಾತನಹಳ್ಳಿಗೆ ಹೋಗಿ ಸುದ್ದಿ ಹೇಳಿ, ಆ ಸುಳ್ಳು ಹೇಳಿದವನು ತಾನೇ ಎಂದೂ ಒಪ್ಪಿಕೊಂಡ. ದೊಡ್ಡತಾಯಮ್ಮ ಯಾಕಪ್ಪ ಎಂದಷ್ಟೇ ಕೇಳುತ್ತೇನೆ ಅಂದಿದ್ದಳಲ್ಲ, ಆ ಮಾತು ಉಳಿಸಿಕೊಳ್ಳಲಿಲ್ಲ. ಅವನ ಹಿಂದಿನವರನ್ನೂ ಮುಂದಿನವರನ್ನೂ ಬಿಡದೆ ಕಾಲು ಗಂಟೆ ಬೈದಳು. ಬೈದು ಮುಗಿದ ಮೇಲೆ ಇಬ್ಬರಿಗೂ ಮುದ್ದೆ ಬಡಿಸಿದಳು. ನಿಂಗರಾಜು ನಮ್ಮೆದುರು ಕೂತು ಮೂರು ಮುದ್ದೆ ಉಂಡ.

ಮೇ ತಿಂಗಳಲ್ಲಿ ಮದುವೆಯಾಯಿತು. ದಸರಾ ಪಂದ್ಯಕ್ಕೆ ಹೇಮಾವತಿ ಕ್ಲಬ್ಬು ನಮ್ಮೂರಿಗೆ ಬಂದಾಗ ನಿಂಗರಾಜು ಅವರ ಹಳದಿ ಬನಿಯನ್ನು ತೊಟ್ಟು ಬಸ್ಸಿನಿಂದ ತಲೆ ಬಗ್ಗಿಸಿ ಇಳಿದ. ಕರಿಯಯ್ಯ ಎಂದಿನಂತೆ ಚೆಂಡಿಗೆ ಗಾಳಿ ತುಂಬಿದ, ಒತ್ತಿದ, ಕಿವಿಗೆ ಹಿಡಿದ. ಎಂದಿಗಿಂತ ಹೆಚ್ಚು ಹೊತ್ತು ಹಿಡಿದ. "ಆಡ್ಕಳ್ಳಿ," ಎಂದು ಬಂದು ನನ್ನ ಪಕ್ಕ ಕೂತ.

ಎರಡನೆಯ ನಿಮಿಷದಲ್ಲೇ ನಿಂಗರಾಜು ನಮ್ಮ ಬುಟ್ಟಿಗೆ ಚೆಂಡು ಹಾಕಿದ. ಕುಮಾರ್ ಅವನನ್ನು ಬಾಯಿಗೆ ಬಂದಂತೆ ಬೈದ. ಕರಿಯಯ್ಯ ಅರ್ಧ ಎದ್ದ. ಎರಡು ಕೈಗಳೂ ಚಪ್ಪಾಳೆಗೆಂದು ಹತ್ತಿರ ಬಂದು, ಕೂಡದೆ ಹಾಗೇ ನಿಂತವು. ಮತ್ತೆ ಕೂತ.

"ಬರ್ಕಂಡ್ರಾ ಮೇಷ್ಟ್ರೇ?"

"ಬರೆದೆ."

"ಸರ್ಯಾಗಿ ಬರ್ಕಳಿ," ಎಂದು ಎದುರಿನ ಜನದ ಕಡೆ ಗಲ್ಲ ಎತ್ತಿ ತೋರಿಸಿದ. ಅಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರಕ್ಕೆ ಹೇಮಶ್ರೀ ಕಾಣುತ್ತಿದ್ದಳು. "ಆಯಮ್ಮ ಎಣುಸ್ತಾ ಅವ್ಳೆ."

ನಾನು ಕಡಲೆಕಾಯಿ ಪೊಟ್ಟಣವನ್ನು ಅವನ ಕೈಗೆ ಕೊಟ್ಟು, ಪೆನ್ಸಿಲ್ಲು ಬಿಗಿಯಾಗಿ ಹಿಡಿದೆ.